ತಪ್ಪು-ಒಪ್ಪು

ಗ್ರಿಮ್ಸ್‌ಬಿಯಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ
ಒಂದು ಕೊಲೆಯಾಗುತ್ತದೆ, ವಾರ ತಪ್ಪದೆ, ಟೀವಿಯಲ್ಲಿ.
ಎಂಟೂ ಐವತ್ತಕ್ಕೇ ಮೇವಿಸ್ ಕ್ಲಿಕ್ಸ್‌ಬಿ
ಕನ್ನಡಕ ತಡಕಿ, ಸಿಕ್ಕಿದ ಮೇಲೆ ಪಕ್ಕಕ್ಕಿಟ್ಟು
(ಈಗ ಅದರಿಂದ ಉಪಯೋಗವಿಲ್ಲ, ಅಭ್ಯಾಸ)
ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾಳೆ.
ನಾನು ಇಳಿದು ಬರುತ್ತೇನೆ.
ಮೇಲಿನ ಕೋಣೆಯ ಬಾಡಿಗೆಯಲ್ಲಿ ವಾರಕ್ಕೆ ಐದು ಪೌಂಡ್ ಸೋಡಿ,
ಬದಲಿಗೆ ಒಂದು ಗಂಟೆ ನನ್ನ ಕಣ್ಣು ಅವಳದು.

ಔಷಧ ಬಿಡುತ್ತೇನೆ, ಎರಡೆರಡು ಹನಿ.
ನಮ್ಮಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ತಾರೆ, ಎಂದಿದ್ದೆ ಒಮ್ಮೆ.
"ಯಾವ ಎಣ್ಣೆ?" ಎಂದು ಕೇಳಿದಳು, ತೀರಾ ಗಂಭೀರವಾಗಿ.

ಮೂವತ್ತೊಂದು ವರ್ಷ ಇಲ್ಲಿನ ಠಾಣೆಯಲ್ಲಿ ಟೈಪಿಸ್ಟು.
ಕಾನ್‌ಸ್ಟೇಬಲ್ಲುಗಳ ಕಾಗೆಕಾಲು ಗುಬ್ಬಿಕಾಲೆಲ್ಲ
ಅವಳ ಬೆರಳಿಗೆ ಬಂದು ಅಕ್ಷರವಾದವು.
ಈಗ ಒಂದು ಬೈಂಡಿನ ಪುಸ್ತಕ. ನಡುವೆ ಗೆರೆ.
ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಬರೆಯುವವಳು ನಾನು.

"ಕಥೆ ನಡೆಯೋದು ಎಂಬತ್ಮೂರರಲ್ಲಿ ತಾನೆ?
ಆ ಫೋನು ಹಾಗೆ ಕೂಗ್ತಿರಲಿಲ್ಲ.
ಅದಕ್ಕೆ ಗಂಟೆ ಇತ್ತು, ಗಂಟಲಿರಲಿಲ್ಲ."
ವಿಚಾರಣೆಯ ಕೋಣೆಯಲ್ಲಿ ಕ್ಯಾಸೆಟ್ ಸುತ್ತುವ ಸದ್ದು:
"ಎಲ್ಲಿಯ ಕ್ಯಾಸೆಟ್ಟು! ಕೈಯಲ್ಲಿ ಬರೀತಿದ್ರು.
ನಂಬದಿದ್ರೆ ನನ್ನ ಬೆರಳ ಗೆಣ್ಣು ಕೇಳು."

ನನ್ನ ಪಾಲಿನವು ಚಿಲ್ಲರೆ.
ಇನ್‌ಸ್ಪೆಕ್ಟರ್ ಗ್ರೀವ್ ಕುಡಿದು ಕೆಳಗಿಟ್ಟ ಚಹಾ
ಕ್ಯಾಮೆರಾ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ತುಂಬಿರುತ್ತದೆ.
ಅಕ್ಷಯಪಾತ್ರೆ ಅಂದೆ. ಆಮೇಲೆ ಅರ್ಧ ಗಂಟೆ
ದ್ರೌಪದಿಯ ಅಡುಗೆಮನೆ ವಿವರಿಸಬೇಕಾಯಿತು, ಆ ವಾರದ ಕೊಲೆಗಾರ ತಪ್ಪಿಸಿಕೊಂಡ.
ಗ್ರೀವ್‌ನ ಗಾಯದ ಪಟ್ಟಿ
ಎಡಹುಬ್ಬಿನಿಂದ ಬಲಹುಬ್ಬಿಗೆ ವಲಸೆ ಹೋಗಿದ್ದನ್ನು ಹೇಳಿದೆ.
ಇನ್ನೊಮ್ಮೆ, ಸೂರ್ಯ ಕಡಲಲ್ಲಿ ಮುಳುಗಿದ, ಅಂದೆ.
"ಇಲ್ಲಾ?" ಎಂದಳು, ಚಹಾ ಚೆಲ್ಲಿಕೊಂಡು.
"ನಮ್ಮದು ಮೂಡಣ ಕಡಲು, ಹುಡುಗಿ.
ಇಲ್ಲಿ ಮುಳುಗೋದು ದೋಣಿಗಳು."

ಚಾನೆಲ್ಲಿಗೆ ಹನ್ನೆರಡು ಪುಟ ಬರೆಸಿದ್ದಳು.
ಉತ್ತರವಾಗಿ ಬಂತು ಗ್ರೀವ್‌ನ ಫೋಟೋ, ಸಹಿ ಸಮೇತ.
ಅದರ ಮೇಲೆ ಟೀಪಾಟು ಇಡುತ್ತಾಳೆ.

ಹೋದ ವಾರ ಮೀನುಧಕ್ಕೆಯ ನೀರಿನಿಂದ ಒಬ್ಬ ಹುಡುಗಿಯನ್ನೆತ್ತಿದರು.
ಶವಾಗಾರದ ಮೇಜು, ಬಿಳಿ ಹೊದಿಕೆ,
ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಸದ್ದಿಲ್ಲ.
ಮೇವಿಸ್ ಕತ್ತು ಚಾಚಿ ಕೇಳುತ್ತಿದ್ದಳು.
ನಾನು ಕಂಡೆ: ಎದೆಯ ಮೇಲೆ ಹೊದಿಕೆ
ಒಂದು ನೂಲಿನಷ್ಟು ಎದ್ದು, ಇಳಿಯಿತು.
"ಹೆಣ ಉಸಿರಾಡಿತು!" ಎಂದು ಕೂಗಿದೆ,
ದೊಡ್ಡ ಮೀನು ಬಿದ್ದ ಖುಷಿಗೆ.

ಅವಳು ಮಾತಾಡಲಿಲ್ಲ.
ಜಾಹೀರಾತು ಬಂತು. ಸೋಫಾಗಳು ಅರ್ಧ ಬೆಲೆಗೆ.

"ನಿಜವಾದವಳನ್ನ ಎತ್ತಿದ್ದು ನವೆಂಬರಿನಲ್ಲಿ," ಎಂದಳು ಆಮೇಲೆ,
"ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆದೆ.
ವಯಸ್ಸಿನ ಕಡೆ ಹದಿನೇಳು ಹೊಡೆಯೋ ಬದಲು
ಅಂಕಿ ಅದಲುಬದಲಾಗಿ ಎಪ್ಪತ್ತೊಂದು ಬಿತ್ತು.
ಸಾರ್ಜೆಂಟ್ ನೋಡಿದ. ಮೂರೂ ಹರಿಸಿದ.
ಸರಿಯಾಗಿ ಹೊಡೆದುಕೊಟ್ಟೆ, ಇನ್ನೇನು ಮಾಡ್ಲಿ."

ಸೋಫಾದ ಮೇಲೆ ಒಂದು ಸಂಸಾರ ನಗುತ್ತಿತ್ತು.

"ಎಷ್ಟು ಎದ್ದಿತು ಅಂದೆ?"
ನೂಲಿನಷ್ಟು.
"ಬರ್ಕೋ."
ಎಡದ ಸಾಲಿಗೆ ಪೆನ್ನು ಊರಿದ್ದೆ.
ಕಾಗದದ ಸದ್ದು ಎಲ್ಲಿಂದ ಬಂತೆಂದು ಕೇಳಿಸಿತೋ ಏನೋ,
"ಅಲ್ಲಿ ಬೇಡ," ಎಂದಳು. "ಗೆರೆಯ ಈಚೆ."

ಅಷ್ಟರಲ್ಲಿ ಗ್ರೀವ್‌ನ ಮೇಜಿನ ಫೋನು
ಇಲ್ಲದ ಗಂಟಲಿನಿಂದ ಮತ್ತೆ ಕೂಗಿತು.
"ಕೇಳಿದೆಯಾ?" ಎಂದಳು ಮೇವಿಸ್, ಕುರ್ಚಿಯಲ್ಲಿ ನೆಟ್ಟಗಾಗಿ,
"ಕೇಳಿದೆಯಾ, ಈ ಮುಂಡೇವಕ್ಕೆ ಎಷ್ಟು ಹೇಳಿದರೂ!"