ಕತ್ತಿಯ ಜೊತೆ ಕೆಂಡ

ಮೊದಲ ಸಲ ಬಂದಾಗ ಬೆಲಾಯ್ನೆಶ್‌ಳ ಬೂಟು
ಒಂದು ಸೈಜು ದೊಡ್ಡದು,
ಹೆಜ್ಜೆಗೊಮ್ಮೆ ಗುಳುಕ್ ಎನ್ನುತ್ತಿತ್ತು.
ಗುಡ್ಡ ಹತ್ತಿ ಬಂದ ಸರ್ಕಾರವನ್ನು
ಸದ್ದಿನಿಂದಲೇ ಗುರುತು ಹಿಡಿದು
ಮಕ್ಕಳು ಬೇಲಿ ಸಂದಿಯಲ್ಲಿ ನಕ್ಕವು.

ನಾನು ನಗಲಿಲ್ಲ. ನನ್ನ ಹಿತ್ತಿಲಲ್ಲಿ
ಆರು ವರ್ಷದ ವೇಸೆಯೊಂದು
ಸುಳಿಯಿಂದಲೇ ಬಾಡತೊಡಗಿತ್ತು.

ನೋಡಿಲ್ಲದವರಿಗೆ ಹೇಳುತ್ತೇನೆ: ವೇಸೆ
ಬಾಳೆಯ ಹಾಗೆ ಕಂಡರೂ ಬಾಳೆಯಲ್ಲ,
ತಿನ್ನುವ ಹಣ್ಣಿಲ್ಲ ಅದಕ್ಕೆ.
ದಿಂಡು ಹೆರೆದು, ಗಡ್ಡೆ ಜಜ್ಜಿ,
ಎಲೆ ಹಾಸಿದ ಗುಂಡಿಯಲ್ಲಿ ಹುಳಿಗೆ ಹಾಕಿ
ತಿಂಗಳುಗಟ್ಟಲೆ ಕಾದು ರೊಟ್ಟಿ ತಟ್ಟುತ್ತೇವೆ.
ಈ ಹಿತ್ತಿಲ ಸಾಲು ಎಣಿಸಿ ನೋಡಿಯೇ
ನನ್ನವ್ವ ನನ್ನನ್ನು ಇಲ್ಲಿಗೆ ಕೊಟ್ಟದ್ದು.

ಅವಳು ಎಲೆದಂಟು ಕೊಯ್ದು ತೋರಿಸಿದಳು:
ಹಳದಿ ಕೀವು, ಸೂಜಿಮೊನೆಯಷ್ಟು,
ನೋಡುತ್ತಿದ್ದಂತೆ ದಪ್ಪಗಾಗಿ ಜಾರಿತು.
"ಇದು ಗಾಳಿಯಲ್ಲ, ದೃಷ್ಟಿಯಲ್ಲ.
ಒಂದು ಗಿಡದಿಂದ ಇನ್ನೊಂದಕ್ಕೆ
ನಿಮ್ಮ ಕತ್ತಿಯೇ ಹೊತ್ತೊಯ್ಯುತ್ತದೆ.
ಕಡಿದಾಗಲೆಲ್ಲ ಬೆಂಕಿಗೆ ಹಿಡಿಯಿರಿ.
ಮತ್ತೆ, ಕತ್ತಿ ಯಾರಿಗೂ ಕಡ ಕೊಡಬೇಡಿ."

ಬೆಂಕಿಯ ಮಾತು ಬುದ್ಧಿಗೆ ಹತ್ತಿತು.
ಕಡದ ಮಾತು ಗಂಟಲಲ್ಲೇ ನಿಂತಿತು.

ಈ ಇಳಿಜಾರಿನಲ್ಲಿ ಹನ್ನೊಂದು ಮನೆ,
ಒಳ್ಳೆಯ ಕತ್ತಿ ಮೂರು.
ಡುಕಾಮೆ ಕೇಳಲು ಬರುವುದು ಬರೀ ಕತ್ತಿಗಲ್ಲ,
ಗಂಡನ ಕೆಮ್ಮು, ಅಲೆತ ವೊಂಡೊ ಸಂತೆಯ ಬೆಣ್ಣೆ ರೇಟು,
ಮಗಳ ಚೊಚ್ಚಲು ಬಸಿರು,
ಎಲ್ಲ ಆ ಹಿಡಿಯ ಜೊತೆಗೇ ಬರುತ್ತದೆ, ಹೋಗುತ್ತದೆ.
ಇಲ್ಲವೆನ್ನಲೇ? ಗಿಡ ಉಳಿದೀತು.
ನಂಟು ಕಡಿದ ಕತ್ತಿಯನ್ನು
ಯಾವ ಬೆಂಕಿಗೆ ಹಿಡಿಯಲಿ?

ಬೆಲಾಯ್ನೆಶ್ ಹೊರಟಳು. ಅವಳ ಪಟ್ಟಿಯಲ್ಲಿ
ಇನ್ನೂ ಸಾವಿರದ ಇನ್ನೂರು ಮನೆ.
ಸಂಬಳ ಎರಡು ತಿಂಗಳಿಂದ ದಾರಿಯಲ್ಲಿದೆಯಂತೆ,
ಅವಳಿಗಿಂತಲೂ ನಿಧಾನ ನಡೆಯುತ್ತ.

ಐದು ದಿನ ಡುಕಾಮೆಗೆ ಸುಳ್ಳು ಹೇಳಿದೆ.
ಹಿಡಿ ಸಡಿಲ, ಎಂದೆ. ಮೈದುನ ಒಯ್ದಿದ್ದಾನೆ, ಎಂದೆ.
ಆರನೆಯ ದಿನ ಅವಳು ಕೇಳಲಿಲ್ಲ.
ಬೇಲಿಯಾಚೆ ಮೊಂಡು ಕುಡುಗೋಲಿನಲ್ಲಿ
ಅವಳು ದಿಂಡು ಗೀರುವ ಸದ್ದು
ರಾತ್ರಿಯಿಡೀ ನನ್ನ ಕಿವಿಯನ್ನು ಗೀರಿತು.

ಬೆಳಗ್ಗೆ ಕಾಫಿ ಹುರಿಯಲೆಂದು ಒಲೆ ಕೆದಕಿದೆ,
ಬೂದಿಯಡಿ ಕೆಂಡವೊಂದು ಕಣ್ಣು ಬಿಟ್ಟಿತು.
ಒಡೆದ ಮಡಕೆಯ ಚೂರಿನಲ್ಲಿ ಅದನ್ನಿಟ್ಟು,
ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬೆಂಕಿ,
ಬೇಲಿ ದಾಟಿದೆ.
ಜಗಳಕ್ಕೇ ಬಂದೆನೆಂದು ಡುಕಾಮೆ ಎದ್ದು ನಿಂತಳು.

ಈಗ ನಮ್ಮಲ್ಲಿ ಕತ್ತಿ ಒಂಟಿಯಾಗಿ ಹೋಗುವುದಿಲ್ಲ.
ಕೆಂಡ ಆರುವಂತಾದರೆ ಕೆಲಸ ಬಿಟ್ಟು ಊದಬೇಕು.
ಊದುವವಳು ಮಾತಾಡುವಂತಿಲ್ಲ,
ಅದೊಂದೇ ನಷ್ಟ.
ಎರಡು ಗಿಡ ಸತ್ತವು, ಬೇರುಸಹಿತ ಕಿತ್ತು ಹೂತೆವು.
ಮೂರನೆಯದು ನಿಂತಿದೆ, ಇವತ್ತಿನವರೆಗೆ.

ಮತ್ತೆ ಬಂದಾಗ ಬೆಲಾಯ್ನೆಶ್ ಮೂರು ಲೋಟ ಕಾಫಿ ಕುಡಿದು
ಬಹಳ ಹೊತ್ತು ಬರೆದುಕೊಂಡಳು.
"ಇದನ್ನು ಯಾರು ಹೇಳಿಕೊಟ್ಟರು?"
"ಅರ್ಧ ನೀನು," ಎಂದೆ. "ಉಳಿದರ್ಧ ಒಲೆ."

ತರಬೇತಿ ಕೇಂದ್ರದ ತಗಡು ಗೋಡೆಗೆ
ಮಳೆ ಕಳೆದ ಮೇಲೆ ಚಿತ್ರವೊಂದು ಬಂತು:
ಹೆಂಗಸು, ಕತ್ತಿ, ಪಕ್ಕದಲ್ಲಿ ಬೆಂಕಿಪೊಟ್ಟಣ.
ಡುಕಾಮೆ ತಲೆ ಓರೆ ಮಾಡಿ ನೋಡಿದಳು.
"ಪಾಪ," ಎಂದಳು, "ಈಕೆಗೆ ನೆರೆಮನೆಯೇ ಇಲ್ಲ."

ಬೂಟಿನ ತುದಿಗೆ ನಾವೇ ಒಣಗಿದ ವೇಸೆನಾರು ತುರುಕಿಕೊಟ್ಟೆವು.
ಈಗ ಗುಳುಕ್ ಇಲ್ಲ, ಮಕ್ಕಳಿಗೂ ಗೊತ್ತಾಗುವುದಿಲ್ಲ.
ಕೆಂಡ ಊದುತ್ತ ತಲೆಯೆತ್ತಿದರೆ
ಎದುರಿಗೇ ಕೂತಿರುತ್ತಾಳೆ,
ಪುಸ್ತಕ ಮುಚ್ಚಿ,
ಕೇಳುತ್ತ.