ಉಳಿದವರೆಷ್ಟು?

ಮನೆಯಲ್ಲಿ ನಾಲ್ವರು. ಒಬ್ಬರು ಊರಿಗೆ ಹೋದರು.
ಉಳಿದವರೆಷ್ಟು?
ಎರಡನೇ ಇಯತ್ತೆಯ ಲೆಕ್ಕ. ಬೋರ್ಡಿನ ಮೇಲೆ ನಾನೇ ಬರೆದದ್ದು,
ತಲೆಯಲ್ಲಿ ಬೇರೇನೋ ಇಟ್ಟುಕೊಂಡು.

ಎಲ್ಲರೂ ಮೂರು ಎಂದರು.
ಹುಲಿಗೆವ್ವ ನಾಲ್ಕು ಬರೆದಳು.
ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದೆ.
ಅವಳು ರಬ್ಬರು ಹಿಡಿದು ನನ್ನ ಕೆಂಪನ್ನು ಉಜ್ಜಿದಳು
ಹಾಳೆ ಹರಿಯುವ ತನಕ.
“ಊರಿಗೆ ಹೋದವ್ರು ಬರ್ತಾರಲ್ರೀ, ಟೀಚರ್.”

ವಾಸ್ಕೋದ ಬಂದರಿನ ಬೆನ್ನಿಗೆ ನಮ್ಮ ಕನ್ನಡ ಶಾಲೆ.
ಕಿಟಕಿ ಮುಚ್ಚಿದರೂ ಇದ್ದಲಪುಡಿ ಒಳಬಂದು
ಹಾಜರಿ ಪುಸ್ತಕದ ಮೇಲೆ ಕೂರುತ್ತದೆ.
ಅವಳಪ್ಪ ಮೈಲಾರಪ್ಪ ಬಾರ್ಜಿನಲ್ಲಿದ್ದ.
ಮಳೆಗಾಲ ಮುಗಿದು ಕೆಲಸ ಮತ್ತೆ ಶುರುವಾದ ವಾರ
ಹಗ್ಗ ತುಂಡಾಯಿತಂತೆ.
ಮಕ್ಕಳನ್ನು ಪಕ್ಕದ ಖೋಲಿಯಲ್ಲಿ ಮಲಗಿಸಿ
ರಾತ್ರೋರಾತ್ರಿ ಟೆಂಪೋದಲ್ಲಿ ರೋಣದ ಕಡೆ ಒಯ್ದು
ಹೊಲದ ಬದುವಿನಲ್ಲಿ ಮಣ್ಣು ಕೊಟ್ಟು ಬಂದರು.
ಅಪ್ಪ ಊರಿಗೆ ಹೋಗ್ಯಾನ.
ಪೂರ್ತಿ ಸುಳ್ಳೂ ಅಲ್ಲ ಅದು.

ನಮ್ಮ ಭಾಷೆಯೂ ಕಳ್ಳ.
ತೀರಿಕೊಂಡರು ಎನ್ನುತ್ತದೆ, ಸಾಲ ತೀರಿದ ಹಾಗೆ.
ಹೋಗಿಬಿಟ್ಟರು ಎನ್ನುತ್ತದೆ, ಬಸ್ಸು ಹೋದ ಹಾಗೆ.
ಬರೀ ಹೋಗ್ತೀನಿ ಅಂದರೆ ನಮ್ಮಜ್ಜಿ ಗದರುತ್ತಿದ್ದಳು,
ಹೋಗಿ ಬರ್ತೀನಿ ಅನ್ನು, ಹೋಗಿ ಬರ್ತೀನಿ.
ಅವನೂ ಬುತ್ತಿ ಹಿಡಿದು ಹಾಗೇ ಅಂದು ಹೊರಟಿದ್ದಾನೆ.
ಆ ಮಾತಿನ ಎರಡನೇ ಅರ್ಧ ಹಿಡಿದು
ಇವಳು ಕೂತಿದ್ದಾಳೆ, ನಲವತ್ತು ದಿನದಿಂದ.

“ನನ್ನ ಬಾಯಾಗ ಬರವಲ್ದರೀ,” ಅಂದಿದ್ದಳು ತಾಯಿ, “ನೀವ ಹೇಳ್ರಿ.”

ಊಟದ ಬಿಡುವು. ನಲ್ಲಿಯ ಕಟ್ಟೆ. ಪಾವು, ಭಾಜಿ.
ನಕ್ಷತ್ರ ಅಂತ ಶುರು ಮಾಡಿದೆ.
ಮಧ್ಯಾಹ್ನ ಹನ್ನೆರಡೂವರೆ. ಅವಳು ಮೇಲೆ ನೋಡಿದಳು,
ಆಮೇಲೆ ನನ್ನನ್ನು. ಬಿಟ್ಟೆ.

ನನ್ನ ಕಾರವಾರದ ನಾಲಿಗೆಗೆ ಅವಳ ಮಾತು ಕಟ್ಟಿಕೊಂಡು
“ಅಪ್ಪ ಸತ್ತಾನವಾ, ಹುಲಿಗಿ” ಅಂದೆ.
“ಉಸಿರು ನಿಂತದ. ಇನ್ನ ಅವಗ ಹಸಿವಿಲ್ಲ, ನೋವಿಲ್ಲ.
ಊರಿಂದ ಬರೂದಿಲ್ಲ.”

ಅರ್ಧ ಪಾವು ಅವಳ ಕೈಯಲ್ಲೇ ಇತ್ತು.

ಚಪ್ಪಲ್ ಹಾಕ್ಕೊಂಡಾನೇನ್ರೀ ಮಣ್ಣಾಗ?
ಗೊತ್ತಿಲ್ಲವಾ. ಅವ್ವನ್ನ ಕೇಳೂಣು.
ಫೋನ್ ಹಚ್ಚಿದ್ರ ಸ್ವಿಚ್ ಆಫ್ ಅಂತದ, ಅದಕ್ಕೇನ್ರೀ?
ಹೂಂ. ಅದಕ್ಕ.

ಆಮೇಲೆ ಬಹಳ ಹೊತ್ತು ಪಾವಿನ ಚೂರು ಇರುವೆಗೆ ಹಾಕಿದಳು.

ಐಸ್ ಕ್ಯಾಂಡಿಗೆ ಐದು ರೂಪಾಯಿ ಕೊಡಲಿಲ್ಲಂತ
ನಾ ಅವತ್ತ ಮಾತು ಬಿಟ್ಟಿದ್ನಿ.
ಅದಕ್ಕೇನ್ರೀ?

ಅಲ್ಲ.
ಹಗ್ಗ ಹಳೇದಿತ್ತು. ತುಂಡಾತು. ಅದಕ್ಕ.
ಇನ್ನೊಮ್ಮೆ ಹೇಳಿದೆ. ಮತ್ತೂ ಒಮ್ಮೆ.
ನನಗೆ ಅಳು ಬಂತು. ಸೆರಗು ಹುಡುಕಲಿಲ್ಲ, ನೋಡಲಿ ಎಂದು ಬಿಟ್ಟೆ.
ಅವಳು ಅಳಲಿಲ್ಲ. ತಟ್ಟೆ ತೊಳೆದಳು,
ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು,
ನೀರು ನಿಲ್ಲಿಸಲು ಮರೆತು
ನನ್ನ ಮೊಣಕಾಲಿಗೆ ಒರಗಿ ನಿಂತಳು.

ಶಾಲೆ ಬಿಟ್ಟ ಮೇಲೆ ಪಟ್ಟಿಗಳ ರಾಶಿಯಲ್ಲಿ ಅವಳದ್ದು.
ಹರಿದ ಜಾಗದ ಕೆಳಗೆ ಹೊಸದಾಗಿ, ದುಂಡಗೆ:
ಮೂರು. ಮತ್ತ ಗೂಟಕ್ಕ ಒಂದು ಅಂಗಿ.

ಕೆಂಪು ಪೆನ್ನು ತೆರೆದು ಕೂತೆ.
ಬಂದರಿನಲ್ಲಿ ಯಾವುದೋ ಹಡಗು ಕೂಗಿತು.
ಅಂಗಿ ಎಂಬ ಮಾತಿನ ಮೇಲೆ ಇದ್ದಲಪುಡಿ ಕೂತಿತ್ತು.
ಊದಿದೆ.
ಹೋಗಲಿಲ್ಲ.