ಳೂ

ಜೆಪ್ಪುವಿನ ಗುಜರಿಯಲ್ಲಿ ತೂಕಕ್ಕೆ ಹಾಕಿದ್ದರು,
ಹನ್ನೊಂದೂವರೆ ಕಿಲೋ, ಮಾನಿಟರ್ ಬೇರೆ.
ಹಿಂಬದಿಯ ತಗಡಿನ ಮೇಲೆ
ಹಿಲರಿಯ ಕೈಬರಹ ಇಲ್ಲದಿದ್ದರೆ
ಗುರುತೇ ಸಿಗುತ್ತಿರಲಿಲ್ಲ ನನಗೆ:
'ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ.'

ಈಗಲೂ ಹೊಡೆಯುತ್ತದೆ.

ಬಿಚ್ಚಿದೆ. ಉಪ್ಪುಗಾಳಿ ತಿಂದ ತಿರುಪುಗಳು,
ಚಿಪ್ಪುಗಳ ಸಂದಿಯಲ್ಲಿ ಹಲ್ಲಿಯ ಎರಡು ಮೊಟ್ಟೆ,
ಒಂದು ಒಡೆದದ್ದು, ಒಂದು ಹಾಗೇ.
ಜತೆಗಿದ್ದ ಫ್ಲಾಪಿಗಳಿಗೆಲ್ಲ ಬೂಷ್ಟು,
ಹಪ್ಪಳಕ್ಕೆ ಹಿಡಿಯುವಂಥದೇ, ಬಿಳಿ, ನಯ.
ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒರೆಸುತ್ತಾ ಕೂತೆ
ಮಗುವಿನ ಕಿವಿ ಒರೆಸಿದ ಹಾಗೆ.

ಆಗಲೂ ಬೂಷ್ಟೇ ನಮ್ಮ ದೊಡ್ಡ ವೈರಸ್ಸು.
ಹಿಲರಿಯ ತಾಯಿ ನತಾಲಿಯಾ ಬಾಯಿ
ಕುಚ್ಚಲಕ್ಕಿಯ ಡಬ್ಬದಲ್ಲಿ ಫ್ಲಾಪಿ ಹೂತಿಡಲು ಬಿಟ್ಟಿದ್ದರು;
ಗಂಜಿಗೆ ಅಳೆಯುವಾಗ ಒಮ್ಮೆ
ಸೇರಿನ ಅಂಚಿಗೆ ತಾಗಿತು ಡಾಸಿನ ಎರಡನೆಯ ಡಿಸ್ಕು.
ಪುಣ್ಯಕ್ಕೆ ತೊಳೆಯಲಿಲ್ಲ.

ಸ್ವಿಚ್ಚು ಹಾಕಿದರೆ ಹಸಿರು ಚುಕ್ಕೆ, ಆಮೇಲೆ ಪ್ರಶ್ನೆ:
ಇವತ್ತು ಜನವರಿ ಒಂದು, ಸಾವಿರದೊಂಬೈನೂರ ಎಂಬತ್ತು,
ಮಂಗಳವಾರ. ಹೌದೋ?
ಒಳಗಿನ ಬ್ಯಾಟರಿ ಎಂದೋ ಸತ್ತಿದೆ.
ಎಂಬತ್ತರಲ್ಲಿ ನಾನು ಎರಡನೇ ಕ್ಲಾಸು,
ಇದು ಹುಟ್ಟಿಯೇ ಇರಲಿಲ್ಲ.
ಸರಿಯಾದ ತಾರೀಕು ಕೊಟ್ಟೆ. ನಂಬಿತು,
ನಡುವಿನದನ್ನು ಕೇಳದೆ.

ಆಗ ಇದಕ್ಕೆ ಕನ್ನಡ ಬರುತ್ತಿರಲಿಲ್ಲ.
ನಾವೇ ಕಲಿಸಲು ಹೊರಟೆವು:
ಗ್ರಾಫ್ ಹಾಳೆ, ಒಂದೇ ರಬ್ಬರು,
ಅಕ್ಷರಕ್ಕೆ ಹದಿನಾರು ಸಾಲು ಮನೆ,
ತುಂಬಿದ ಮನೆ ಒಂದು, ಖಾಲಿ ಮನೆ ಸೊನ್ನೆ.
'ಗ' ಅರ್ಧ ಗಂಟೆ. 'ರು' ಹೇಗೋ ಆಯಿತು.
'ಳೂ' ಮಾತ್ರ
ಆದಿತ್ಯವಾರದ ಪೂಜೆ ಮುಗಿಸಿ ಬಂದವನನ್ನು
ರಾತ್ರಿ ಕರೆಂಟು ಹೋಗುವ ತನಕ ಏಳಗೊಡಲಿಲ್ಲ;
ಬಾಲ ಉದ್ದವಾದರೆ ಪಕ್ಕದವರ ಮನೆಗೆ ನುಗ್ಗುತ್ತದೆ,
ಗಿಡ್ಡವಾದರೆ ಊರೇ ಮಂಗಳುರು.

ಬುಧವಾರ ಸಂಜೆ ಪರದೆಯ ಎಡ ಮೂಲೆಯಲ್ಲಿ
ನಾಲ್ಕಕ್ಷರದ ಊರು ಬಂದು ನಿಂತಿತು.
ಕಿಟಕಿಯಾಚೆಯೂ ಅದೇ ಊರು, ಬಸ್ಸಿನವರು ಕೂಗುತ್ತಲೇ ಇದ್ದರು.
ನತಾಲಿಯಾ ಬಾಯಿ ಕೈ ಒರೆಸಿಕೊಂಡು ಬಂದು
ಬೆರಳಿಟ್ಟು ಓದಿದರು.
'ಗ ಸ್ವಲ್ಪ ಡೊಂಕು' ಎಂದರು.

ಮೊನ್ನೆ ಫೋನು ಮಾಡಿದೆ ಹಿಲರಿಗೆ,
ಕಂಕನಾಡಿಯಲ್ಲಿ ಈಗ ಅವನದು ಫ್ರಿಜ್ಜು ರಿಪೇರಿ.
'ಎಂತ ಮಾರಾಯ, ಆ ಡಬ್ಬ ತಂದೆಯಾ?
ಅದು ಆಗಲೇ ಸ್ಲೋ. ಗುಜರಿಗೆ ಕೊಟ್ಟದ್ದೇ ನಾನು.'
ಆಮೇಲೆ ಸ್ವಲ್ಪ ಹೊತ್ತು
ಯಾರದೋ ಕಂಪ್ರೆಸರಿನ ಸದ್ದು ಮಾತ್ರ.
'ಳೂ ಉಂಟಾ ಅದರಲ್ಲಿ?'

ಗೊತ್ತಿಲ್ಲ. ಒಂದೊಂದೇ ಫ್ಲಾಪಿ ಹಾಕುತ್ತೇನೆ,
ಕರ್ರ್, ಕಟಕ್, ಕರ್ರ್,
ಕತ್ತಲಲ್ಲಿ ಚಪ್ಪಲಿ ಹುಡುಕುವವರ ಹಾಗೆ ತಡಕಿ
ಕೊನೆಗೆ ನನ್ನನ್ನೇ ಕೇಳುತ್ತದೆ:
ಬಿಡಲೇ, ಮತ್ತೆ ನೋಡಲೇ, ಸೋತೆ ಅನ್ನಲೇ?
ಜೇಬಿನಲ್ಲಿರುವ ಫೋನು ಇಷ್ಟು ಮರ್ಯಾದೆಯಿಂದ
ನನ್ನನ್ನು ಏನೂ ಕೇಳಿದ್ದಿಲ್ಲ.

ಒಂಬತ್ತನೆಯದರ ಕಾಗದದ ಕವರು ಕೊಡವಿದರೆ
ಬಿತ್ತು ಒಂದು ಕೆಂಪಕ್ಕಿ ಕಾಳು.
ಕೀಬೋರ್ಡಿನ ಪಕ್ಕ ಇಟ್ಟೆ.

ಮತ್ತೆ ನೋಡು.